ಎಂಟು ಪ್ಲೇಟು, ಒಂದು ಕೈ

ಮಸ್ಕತ್ತಿಗೆ ಹೋಗಿ ಬಂದವನು ಎಂದು ಗೊತ್ತಾದ ಕೂಡಲೇ ಬೆಳಗಾವಿಯ ನಮ್ಮ ಶಹಾಪುರದ ಜನ ಕೇಳುವುದು ಎರಡೇ ಪ್ರಶ್ನೆ. ಅಲ್ಲಿ ಬಂಗಾರ ಎಷ್ಟು ಅಗ್ಗ? ಒಂಟೆ ಎಷ್ಟು ಎತ್ತರ? ಬಂಗಾರದ ಅಂಗಡಿಯ ಮುಂದೆ ನಾನು ನಿಂತದ್ದು ಒಂದೇ ಸಲ, ಅದೂ ನೆರಳಿಗಾಗಿ. ಒಂಟೆಯನ್ನು ಕಂಡದ್ದು ಲಾರಿಯ ಮೇಲೆ. ಅದೂ ನಮ್ಮ ಹಾಗೆಯೇ ಯಾರೋ ಹತ್ತಿಸಿದರೆಂದು ಹತ್ತಿ ಎಲ್ಲಿಗೋ ಹೊರಟಿತ್ತು. ಹದಿನೆಂಟು ತಿಂಗಳಲ್ಲಿ ನಾನು ಕಣ್ಣು ತೆರೆದು ನೋಡಿದ್ದು ಒಂದೇ ವಸ್ತುವನ್ನು, ಅಂಗೈ ಅಗಲದ ಒಂದು ಕಬ್ಬಿಣದ ಪ್ಲೇಟು. ಅದಕ್ಕಾಗಿ ಸಮುದ್ರ ದಾಟಬೇಕಾಗಿರಲಿಲ್ಲ, ಅದು ಹುಟ್ಟಿದ್ದು ಬೆಳಗಾವಿಯ ಮಗ್ಗುಲಿನ ನಮ್ಮ ಮಚ್ಛೆಯಲ್ಲೇ. ಅದರ ಕತೆ ಹೇಳುತ್ತೇನೆ. ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಮಚ್ಛೆ

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಬೆಳಗಾವಿಯ ಒಂದು ಖಾಸಗಿ ತಾಂತ್ರಿಕ ಶಾಲೆಯಲ್ಲಿ ವೆಲ್ಡಿಂಗ್ ಕಲಿಸುತ್ತಿದ್ದೆ. ಆ ಶಾಲೆ ಈಗ ಇಲ್ಲ. ನಮ್ಮದು ಶಹಾಪುರದ ನೇಕಾರರ ಮನೆತನ. ಪಾವರ್‌ಲೂಮಿನ ಸದ್ದು ಓಣಿಯೊಳಗೆ ಬಂದ ಮೇಲೆ ಅಪ್ಪ ಕೈಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದ. ನೀನಾದರೂ ಕಬ್ಬಿಣದ ಕಡೆ ಹೋಗು, ಕಬ್ಬಿಣಕ್ಕೆ ಸಾವಿಲ್ಲ ಎಂದ. ಕಬ್ಬಿಣಕ್ಕೆ ಸಾವಿಲ್ಲ ಎನ್ನುವುದು ನಿಜವೇ. ಕಬ್ಬಿಣದ ಕೆಲಸ ಕಲಿತವನ ಗತಿ ಏನು ಎಂಬುದನ್ನು ಅಪ್ಪ ಹೇಳಿರಲಿಲ್ಲ.

ಪ್ರತಿ ವರ್ಷ ಮೂವತ್ತು ಹುಡುಗರಿಗೆ ಬೆಸುಗೆ ಹಾಕುವುದನ್ನು ಕಲಿಸಿ ಬೀದಿಗೆ ಬಿಡುತ್ತಿದ್ದೆ. ಬೀದಿಗೆ ಎಂದದ್ದು ಮಾತಿನ ಚಂದಕ್ಕಲ್ಲ. ಅವರು ನೇರವಾಗಿ ಬೀದಿಗೇ ಹೋಗುತ್ತಿದ್ದರು. ಕಾರ್ಖಾನೆಗಳು ಏಳುತ್ತಿದ್ದವು, ಹೊಗೆ ಬಿಡುತ್ತಿದ್ದವು, ಪತ್ರಿಕೆಗಳು ಬೆಳಗಾವಿ ಬೆಳೆಯುತ್ತಿದೆ ಎಂದು ಬರೆಯುತ್ತಿದ್ದವು. ಪ್ರತಿ ಗೇಟಿಗೂ ಕನ್ನಡ, ಮರಾಠಿ, ಇಂಗ್ಲಿಷು ಮೂರರಲ್ಲೂ ಬರೆಸಿದ ಬೋರ್ಡು ನೇತಾಡುತ್ತಿತ್ತು: ಕೆಲಸ ಖಾಲಿ ಇಲ್ಲ. ಬೋರ್ಡಿನ ಭಾಷೆಗಾಗಿ ತಲೆ ಒಡೆದುಕೊಳ್ಳುವ ಊರು ನಮ್ಮದು. ಈ ಒಂದು ಬೋರ್ಡಿನ ಬಗ್ಗೆ ಮಾತ್ರ ಯಾರ ತಕರಾರೂ ಇರಲಿಲ್ಲ.

ನಾನು ಕಲಿಸಿದವರಲ್ಲಿ ಕೈ ಎಂದರೆ ಕೈ ಇದ್ದವನು ಒಬ್ಬನೇ, ಖಾನಾಪುರದ ಪರಶುರಾಮ. ಇಪ್ಪತ್ತನಾಲ್ಕು ವರ್ಷದ ಎಡಚ. ತಾಯಿ ಅಲ್ಲಿನ ಹಂಚಿನ ಭಟ್ಟಿಯಲ್ಲಿ ಹಸಿ ಹಂಚು ಹೊರುತ್ತಿದ್ದಳು. ಅವನು ಬೆಸುಗೆಯ ರಾಡು ಹಿಡಿದರೆ ಎರಡು ಕಬ್ಬಿಣ ತಾವಾಗಿಯೇ ಒಂದಾದ ಹಾಗೆ ಕಾಣುತ್ತಿತ್ತು. ಬೆಸುಗೆಯ ಕೊನೆಗೆ ಗುಂಡಿ ಬೀಳುತ್ತದೆ, ಒಂದು ಕೂದಲೆಳೆಯಷ್ಟು ಹಿಂದೆ ಬಂದು ಅದನ್ನು ತುಂಬಿಸಿ ಕೈ ಎತ್ತು ಎಂದು ಎಲ್ಲರಿಗೂ ಹೇಳುತ್ತಿದ್ದೆ. ಎಲ್ಲರೂ ಮರೆಯುತ್ತಿದ್ದರು. ಅವನು ಒಂದು ಸಲವೂ ಮರೆಯಲಿಲ್ಲ. ಆದರೆ ಅವನು ಮರಾಠಿ ಸಾಲಿಯಲ್ಲಿ ಓದಿದವನು, ಲಿಖಿತ ಪರೀಕ್ಷೆ ಇಂಗ್ಲಿಷಿನಲ್ಲಿ. ಮೂರು ಸಲ ಕುಳಿತ, ಮೂರು ಸಲವೂ ಫೇಲಾದ. ಸರ್ಟಿಫಿಕೇಟು ಇಲ್ಲದವನನ್ನು ಯಾವ ಕಾರ್ಖಾನೆಯೂ ಒಳಗೆ ಬಿಡಲಿಲ್ಲ. ಆಟೋ ನಗರದ ಗ್ಯಾರೇಜುಗಳಲ್ಲಿ ಕೆಲಸ ಇದ್ದ ದಿನ ಕರೆಯುತ್ತಿದ್ದರು, ಇಲ್ಲದ ದಿನ ಬಾಗಿಲಿನಿಂದಲೇ ಕಳಿಸುತ್ತಿದ್ದರು.

ಆಗ ಒಬ್ಬ ಏಜೆಂಟ ಹುಟ್ಟಿಕೊಂಡ. ಮಸ್ಕತ್ತಿನ ಪೈಪಿನ ಕಂಪನಿಗೆ ಎಂಟು ಮಂದಿ ವೆಲ್ಡರುಗಳು ಬೇಕು, ಅವರನ್ನು ನೋಡಿಕೊಳ್ಳಲು ಒಬ್ಬ ಮೇಸ್ತ್ರಿ ಬೇಕು ಎಂದ. ಮೇಸ್ತ್ರಿ ನಾನಾದೆ, ನನ್ನನ್ನು ಯಾರೂ ಪರೀಕ್ಷೆ ಮಾಡಲಿಲ್ಲ. ವೆಲ್ಡರುಗಳ ಪರೀಕ್ಷೆ ಮಚ್ಛೆಯ ಒಂದು ಶೆಡ್ಡಿನಲ್ಲಿ ನಡೆಯಿತು. ಬೆಸುಗೆಯ ಬೆಳಕನ್ನು ಬರಿಗಣ್ಣಿನಿಂದ ನೋಡಬಾರದಾದ್ದರಿಂದ ಮೂಲೆಯಲ್ಲಿ ಗೋಣಿಚೀಲ ಹೊಲಿದು ಪರದೆ ಕಟ್ಟಿದ್ದರು. ಮುಂಬಯಿಯಿಂದ ಬಂದ ಪರೀಕ್ಷಕ ಹೊರಗೆ ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತ ಕುಳಿತ. ಹೆಸರು ಕರೆದಾಗ ಒಬ್ಬೊಬ್ಬನೇ ಪರದೆಯ ಒಳಗೆ ಹೋಗಿ, ಸ್ವಲ್ಪ ಹೊತ್ತು ಬಿಟ್ಟು ಬೆಸುಗೆ ಹಾಕಿದ ಪ್ಲೇಟು ಹಿಡಿದು ಹೊರಗೆ ಬರುತ್ತಿದ್ದ. ಪರದೆಯ ಒಳಗೆ ಬೆಳಗಿನಿಂದ ಕುಳಿತಿದ್ದವನು ಪರಶುರಾಮ. ಎಂಟೂ ಪ್ಲೇಟು ಅವನೇ ಮಾಡಿದ. ಒಳಗೆ ಹೋಗಿ ಬಂದ ಎಂಟು ಜನ ನಾನು ಕಲಿಸಿದವರಲ್ಲ, ಏಜೆಂಟನಿಗೆ ದುಡ್ಡು ಕಟ್ಟಿ ಬಂದವರು.

ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಪ್ಲೇಟಿನ ಮೂಲೆಗೆ ನಂಬರಿನ ಅಚ್ಚು ಹೊಡೆದು ಒಳಗೆ ಕಳಿಸುತ್ತಿದ್ದವನು ನಾನೇ. ಕೆಲಸವಿಲ್ಲದ ಹುಡುಗರು, ಒಬ್ಬನ ಕೈಯಿಂದ ಎಂಟು ಮನೆಯ ಒಲೆ ಹತ್ತಿದರೆ ಯಾರ ಗಂಟು ಹೋಯಿತು ಎಂದುಕೊಂಡೆ. ಪರಶುರಾಮನನ್ನೂ ಕಳಿಸುತ್ತೇನೆ ಎಂದು ಏಜೆಂಟ ಹೇಳಿದ್ದ, ಅವನದು ಒಂಬತ್ತನೆಯ ಪ್ಲೇಟು ಆಗಬೇಕಿತ್ತು. ಅವನು ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಏಜೆಂಟ ಯಾದಿ ಮಡಚಿ ಜೇಬಿಗಿಟ್ಟಿದ್ದ. ಎಂಟು ಜನ ಆದರು, ನಿನ್ನದು ಮುಂದಿನ ಸಲ ಎಂದ. ಯಾದಿಯ ತುದಿಗೆ ನನ್ನ ಹೆಸರಿತ್ತು. ನಾನು ಬಾಯಿ ಬಿಟ್ಟರೆ ಅದೂ ಹೋಗುತ್ತಿತ್ತು. ಬಾಯಿ ಬಿಡಲಿಲ್ಲ. ಹೊರಗೆ ಕರೆದುಕೊಂಡು ಹೋಗಿ ಅವನ ಹೆಗಲ ಮೇಲೆ ಕೈ ಇಟ್ಟೆ.

“ನಾ ಅಲ್ಲಿಗಿ ಹೋದ ಕೂಡಲೇ ನಿನ್ನ ಕರಿಸ್ಕೋತೀನಿ, ಪರಶ್ಯಾ. ಇದು ನನ್ನ ಮಾತು.”

“ಹೂಂ ಸರ. ನೀವು ಮದಲ ಹೋಗ್ರಿ,” ಎಂದ ಅವನು. ಮುಖದಲ್ಲಿ ಬೇಸರ ಕೂಡ ಇರಲಿಲ್ಲ.

ಮೀರಜ್, ಮುಂಬಯಿ, ಆಕಾಶ

ಮೀರಜಿನಲ್ಲಿ ಸಣ್ಣ ಹಳಿಯ ರೈಲು ಇಳಿದು ದೊಡ್ಡ ಹಳಿಯ ರೈಲು ಹತ್ತುವಾಗ ನಮ್ಮ ಎಂಟು ವೆಲ್ಡರುಗಳ ಹನ್ನೊಂದು ಗಂಟುಗಳಲ್ಲಿ ಒಂದು ಕಳೆಯಿತು. ಅದರಲ್ಲಿ ಎಲ್ಲರ ಉಪ್ಪಿನಕಾಯಿ ಇತ್ತು. ಮುಂಬಯಿಯವರೆಗೆ ಅದರದೇ ದುಃಖ. ಎಂಟು ಜನರಲ್ಲಿ ಮೂವರು ಬಿ.ಎ., ಒಬ್ಬ ಬಿ.ಕಾಂ. ಅವರ ಮುಂದಾಳು ಗುರುಸಿದ್ದ, ಬೆಳಗಾವಿಯ ಕಿರಾಣಿ ವ್ಯಾಪಾರಿಯ ಮಗ, ಹಣೆಯ ಮೇಲೆ ಮೂರು ಬೆರಳು ವಿಭೂತಿ. ರಾಜ್ಯಶಾಸ್ತ್ರ ಓದಿದ್ದ. ವಿಮಾನದಲ್ಲಿ ಸಂವಿಧಾನದ ಬಗ್ಗೆ ನನಗೆ ಒಂದು ತಾಸು ಪಾಠ ಹೇಳಿದ. ರಾಡನ್ನು ಯಾವ ತುದಿಯಿಂದ ಹಿಡಿಯಬೇಕೆಂದು ಅವನಿಗೆ ತಿಳಿದಿರಲಿಲ್ಲ.

ಮಸ್ಕತ್ತಿನಲ್ಲಿ ಇಳಿದ ಕೂಡಲೇ ಕಸ್ಟಮ್ಸಿನವನು ನಮ್ಮ ಖಡಕ್ ರೊಟ್ಟಿಯ ಗಂಟು ಬಿಚ್ಚಿದ. ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ಬೆರಳಿನಿಂದ ಬಾರಿಸಿ, ಕಿವಿಗೊಟ್ಟು ಕೇಳಿದ. ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ ಮೂಸಿ ಅದೇನೋ ನಿಷಿದ್ಧ ಪುಡಿ ಎಂದು ಗಾಬರಿಯಾಗಿ, ನಾಲ್ಕು ಸಲ ಸೀನಿ, ಮೇಲಿನವನನ್ನು ಕರೆದ. ಮೇಲಿನವನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಆಮೇಲೆ ಇನ್ನೊಂದು ಚಿಟಿಕೆ. ಕೊನೆಗೆ ಡಬ್ಬಿಯನ್ನೇ ಇಟ್ಟುಕೊಂಡು ನಮ್ಮನ್ನು ಬಿಟ್ಟ. ಕಂಪನಿಗೆ ತೋರಿಸಲು ತಂದ ಎಂಟು ಪ್ಲೇಟುಗಳ ಪೆಟ್ಟಿಗೆಯನ್ನು ಯಾರೂ ತೆರೆದು ನೋಡಲಿಲ್ಲ. ಸುಳ್ಳು ಇದ್ದದ್ದು ಅದರಲ್ಲೇ.

ಮಸ್ಕತ್, ಎರಡನೆಯ ದಿನ

ಪೈಪಿನ ಅಂಗಳ ಎಂದರೆ ಒಂದು ಊರಿನಷ್ಟು ದೊಡ್ಡ ಬಯಲು. ಎಲ್ಲಿ ನೋಡಿದರೂ ಪೈಪು, ಅದರ ಆಚೆ ಬೋಳು ಗುಡ್ಡ. ಬೆಳಗ್ಗೆ ಏಳಕ್ಕೇ ಕಬ್ಬಿಣ ಮುಟ್ಟಲಾಗದಷ್ಟು ಕಾಯುತ್ತಿತ್ತು. ಬೆಸುಗೆಯನ್ನು ತಪಾಸಣೆ ಮಾಡುವವನು ಹ್ಯಾರಿಸ್ ಎಂಬ ಇಂಗ್ಲಿಷ್ ಮುದುಕ. ಬಿಸಿಲಿಗೆ ಬೆಂದು ಅವನ ಮೂಗಿನ ಸಿಪ್ಪೆ ಎದ್ದಿತ್ತು, ಕಂಕುಳಲ್ಲಿ ಚಹಾದ ಥರ್ಮಾಸು. ಅವನು ನಮ್ಮ ಎಂಟೂ ಜನರ ಕೈಗೆ ರಾಡು ಕೊಟ್ಟು ಹೊಡೆಯಿರಿ ಎಂದ. ಏಳು ಜನರ ರಾಡು ಪೈಪಿಗೆ ಅಂಟಿಕೊಂಡು ನಿಂತಿತು. ಎಂಟನೆಯವನ ರಾಡು ಅಂಟಲಿಲ್ಲ, ಅವನು ಹೆದರಿ ಅದನ್ನು ಬಿಸಾಡಿದ್ದ.

ಮುದುಕ ಕೂಗಾಡಲಿಲ್ಲ. ನನ್ನನ್ನು ತನ್ನ ಕೋಣೆಗೆ ಕರೆದು ಪೆಟ್ಟಿಗೆ ತೆರೆದು ಎಂಟೂ ಪ್ಲೇಟುಗಳನ್ನು, ನಂಬರು ನೆಟ್ಟಗೆ ಕಾಣುವ ಹಾಗೆ, ಮೇಜಿನ ಮೇಲೆ ಸಾಲಾಗಿ ಜೋಡಿಸಿದ. ಕಾದ ಲೋಹ ತಣಿಯುವಾಗ ಸಣ್ಣ ಸಣ್ಣ ಅಲೆ ಬಿಡುತ್ತದೆ. ಅಲೆ ಯಾವ ಕಡೆ ಮುಖ ಮಾಡಿದೆ ಎಂದು ನೋಡಿದರೆ ಕೈ ಯಾವ ಕಡೆ ಸರಿಯಿತು ಎಂದು ತಿಳಿಯುತ್ತದೆ. ನಮ್ಮ ಕೆಲಸದಲ್ಲಿ ಬಲಗೈಯವರು ಎಡದಿಂದ ಬಲಕ್ಕೆ ಎಳೆಯುತ್ತಾರೆ. ಎಂಟೂ ಪ್ಲೇಟಿನಲ್ಲಿ ಬೆಸುಗೆ ಬಲದಿಂದ ಎಡಕ್ಕೆ ಹೋಗಿತ್ತು, ಎಂಟರಲ್ಲೂ ಕೊನೆಯ ಗುಂಡಿ ನೀಟಾಗಿ ತುಂಬಿತ್ತು. ಇವರಲ್ಲಿ ಎಡಚ ಯಾರು ಎಂದು ಹ್ಯಾರಿಸ್ ಕೇಳಿದ. ಯಾರೂ ಇಲ್ಲ ಎಂದೆ. ಹಾಗಾದರೆ ಇದನ್ನು ಮಾಡಿದವನು ಎಲ್ಲಿ ಎಂದ. ಊರಿನಲ್ಲಿದ್ದಾನೆ ಎಂದೆ. ಏನು ಮಾಡುತ್ತಾನೆ? ಏನೂ ಇಲ್ಲ, ಅವನಿಗೆ ಕೆಲಸ ಇಲ್ಲ.

ಮುದುಕ ನನ್ನ ಮುಖವನ್ನೇ ನೋಡಿದ. ನಿಮ್ಮದು ಎಂಥ ದೇಶವಯ್ಯಾ, ಕೆಲಸ ಬಂದವನನ್ನು ಮನೆಯಲ್ಲಿ ಕೂರಿಸಿ ಬಾರದವರನ್ನು ವಿಮಾನದಲ್ಲಿ ಕಳಿಸುತ್ತೀರಿ ಎಂದ. ಪರದೇಶದವನೊಬ್ಬ ನಮ್ಮ ದೇಶಕ್ಕೆ ಬೈದರೆ ಮೈ ಉರಿಯಬೇಕು. ಉರಿಯಿತು. ಆದರೆ ಅವನ ಮೇಲಲ್ಲ.

ಅವನಿಗೆ ಎಂಟು ಜನರನ್ನೂ ಮರುದಿನವೇ ತಿರುಗಿ ಕಳಿಸುವ ಅಧಿಕಾರವಿತ್ತು. ಆದರೆ ಕಳಿಸಲಿಲ್ಲ. ಮೂರು ತಿಂಗಳು ಕೂಲಿಗಳಾಗಿ ಇರಲಿ, ಅಷ್ಟರಲ್ಲಿ ನೀನು ಕಲಿಸು, ಆ ಎಡಚನನ್ನು ಮಾತ್ರ ಕರೆಸು ಎಂದ. ಒಂದು ಪ್ಲೇಟನ್ನು ಆರಿಸಿ ತೆಗೆದ, ಅದು ಗುರುಸಿದ್ದನ ನಂಬರಿನದು. ಅದಕ್ಕೆ ತಂತಿ ಕಟ್ಟಿ ಅಂಗಳದ ಶೆಡ್ಡಿನ ಗೋಡೆಗೆ ನೇತುಹಾಕಿ, ಬೆಸುಗೆ ಎಂದರೆ ಹೀಗಿರಬೇಕು ಎಂದು ಎಲ್ಲ ದೇಶದ ವೆಲ್ಡರುಗಳಿಗೂ ತೋರಿಸಿದ. ಅಲ್ಲಿನ ಕೇರಳದವರು, ಪಾಕಿಸ್ತಾನದವರು, ಫಿಲಿಪೈನ್ಸಿನವರು ನಂಬರು ನೋಡಿ ಬಂದು ಗುರುಸಿದ್ದನ ಕೈ ಕುಲುಕಿದರು. ಪಾಪ, ಅವನು ಕೈ ಕೊಡುತ್ತ ನೆಲ ನೋಡುತ್ತಿದ್ದ.

ತಗಡಿನ ನೆರಳು

ಮಧ್ಯಾಹ್ನ ಎರಡು ತಾಸು ಎಲ್ಲರಿಗೂ ವಿಶ್ರಾಂತಿ. ನಮಗಿಲ್ಲ. ತಗಡಿನ ಕೆಳಗೆ ಎಂಟು ಜನರನ್ನು ಕೂರಿಸಿ ಅ ಆ ಇ ಈಯಿಂದ ಶುರು ಮಾಡಿದೆ. ನನ್ನ ಬಾಯಿ ಮೊದಲೇ ಒಳ್ಳೆಯದಲ್ಲ, ಆ ಬಿಸಿಲಿನಲ್ಲಿ ಕೇಳಬೇಕೇ? ಕತ್ತೆ ಎಂದೆ, ಕೋಣ ಎಂದೆ, ನಿಮ್ಮಿಂದ ಒಬ್ಬ ಚಿನ್ನದಂಥ ಹುಡುಗ ಮನೆಯಲ್ಲಿ ಕೊಳೆಯುತ್ತಿದ್ದಾನೆ ಎಂದೆ. ಅದನ್ನು ಕೇಳಿ ಗುರುಸಿದ್ದ ಕಣ್ಣಿಗೆ ಅಡ್ಡ ಹಿಡಿದಿದ್ದ ಕರಿಗಾಜು ಕೆಳಗಿಟ್ಟ.

“ಸರ, ನಾ ಆರು ವರ್ಷ ಎಂಪ್ಲಾಯ್‌ಮೆಂಟ್ ಆಫೀಸಿಗೆ ಅಡ್ಡಾಡೀನಿ. ಕಾರ್ಡಿನ ಮ್ಯಾಲ ಠಸೆ ಹೊಡಿಸ್ಕೊಂಡು ಬರೂದ ನನ್ನ ನೌಕರಿ ಆಗಿತ್ತು. ಒಂದೂ ಕರೆ ಬರಲಿಲ್ಲ. ಪರದಾದ ಹಿಂದ ಹೋಗಿ ಐದು ಮಿನಿಟ್ ಕುಂತು ಬಾ ಅಂದ್ರ ನೀವ್ ಆಗಿದ್ರ ಏನ್ ಮಾಡ್ತಿದ್ರಿ?”

ನಾನು ಅಷ್ಟೂ ಮಾಡಿರಲಿಲ್ಲ, ಪರದೆಯ ಹಿಂದೆ ಹೋಗುವ ತೊಂದರೆ ಕೂಡ ತೆಗೆದುಕೊಳ್ಳದೆ ಬಂದವನು. ರಾಡು ಹಿಡಿ, ಬೆರಳು ಸಡಿಲ ಬಿಡು ಎಂದೆ. ಮೂರು ತಿಂಗಳಲ್ಲಿ ಅವರು ಕಲಿತರು. ಇಂಥ ಹುಡುಗರಿಗೆ ಬುದ್ಧಿ ಇಲ್ಲ, ದುಡಿಯುವ ಮನಸ್ಸಿಲ್ಲ ಎಂದು ಊರಿನಲ್ಲಿ ಕಟ್ಟೆಯ ಮೇಲೆ ಕುಳಿತು ಹೇಳುವವರನ್ನು ಹಿಡಿದು ತಂದು ಆ ತಗಡಿನ ಕೆಳಗೆ ಒಂದು ಮಧ್ಯಾಹ್ನ ನಿಲ್ಲಿಸಬೇಕು ಅನಿಸುತ್ತಿತ್ತು.

ಮತ್ರಾ

ಶುಕ್ರವಾರ ರಜೆ. ಅಂಗಳದ ಕಾವಲುಗಾರ ಸಾಲಿಂ ಎಂಬ ಒಮಾನಿ ಅಜ್ಜ ಒಮ್ಮೆ ಮಸ್ಕತ್ತಿನ ಹಳೆಯ ಬಂದರು ಮತ್ರಾದಲ್ಲಿದ್ದ ತನ್ನ ಮನೆಗೆ ಕರೆದ. ಹರುಕು ಮುರುಕು ಉರ್ದುವಿನಲ್ಲಿ ನಮ್ಮ ಮಾತು. ಹಿಡಿಕೆ ಇಲ್ಲದ ಪುಟ್ಟ ಬಟ್ಟಲಿನಲ್ಲಿ ಕಹಿ ಕಾಫಿ ಕೊಟ್ಟ, ಜೊತೆಗೆ ಖರ್ಜೂರ. ಬಟ್ಟಲು ಖಾಲಿಯಾದ ಕೂಡಲೇ ಮತ್ತೆ ತುಂಬಿಸಿದ. ಅತಿಥಿ ಬೇಡ ಎನ್ನಬಾರದೆಂದು ಕುಡಿದೆ. ಮತ್ತೆ ತುಂಬಿಸಿದ. ಏಳನೆಯ ಬಟ್ಟಲಿಗೆ ನನ್ನ ಎದೆ ಬಡಿತ ಕಿವಿಗೆ ಕೇಳುತ್ತಿತ್ತು. ಸಾಕಾದರೆ ಬಟ್ಟಲನ್ನು ಆಚೀಚೆ ಅಲ್ಲಾಡಿಸಿ ಕೊಡಬೇಕಂತೆ, ಮಾತಿನಲ್ಲಿ ಹೇಳಿದರೆ ಅದನ್ನು ಸಂಕೋಚ ಎಂದುಕೊಳ್ಳುತ್ತಾರಂತೆ. ನಮ್ಮಲ್ಲೂ ಹಾಗೆಯೇ ತಾನೆ, ಸಾಕು ಎಂದವನ ತಾಟಿಗೆ ಇನ್ನೊಂದು ಹೋಳಿಗೆ ಬೀಳದೆ ಬಿಡುವುದಿಲ್ಲ.

ಅಜ್ಜ ತನ್ನ ಪ್ರಾಯದ ಕತೆ ಹೇಳಿದ. ಆಗ ಅವರ ನಾಡಿನಲ್ಲಿ ಕೆಲಸವೇ ಇರಲಿಲ್ಲವಂತೆ. ದೋಣಿ ಹತ್ತಿ ಬಹರೇನಿಗೆ ಹೋಗಿ, ಪರರ ಬಂದರಿನಲ್ಲಿ ಮೂಟೆ ಹೊತ್ತು ಹನ್ನೆರಡು ವರ್ಷ ಕಳೆದನಂತೆ. ಆಮೇಲೆ ಇಲ್ಲಿ ರಸ್ತೆ, ಬಂದರು, ಆಸ್ಪತ್ರೆ ಕಟ್ಟಲು ಶುರುವಾದಾಗ ಹೊರಗಿದ್ದವರೆಲ್ಲ ತಿರುಗಿ ಬಂದರಂತೆ. ನಿಮ್ಮ ಊರಿನಲ್ಲೂ ಕಟ್ಟುತ್ತಿದ್ದಾರೆಯೇ ಎಂದು ಕೇಳಿದ. ಕಟ್ಟುತ್ತಿದ್ದಾರೆ ಎಂದೆ. ಹಾಗಾದರೆ ನೀವು ಇಲ್ಲೇಕೆ ಬಂದಿದ್ದೀರಿ ಎಂದ. ಮುಗ್ಧವಾಗಿ ಕೇಳಿದ ಪ್ರಶ್ನೆ. ಬಟ್ಟಲು ಅಲ್ಲಾಡಿಸಿ ಎದ್ದು ಬಂದೆ, ದಾರಿಯುದ್ದಕ್ಕೂ ಯಾರಿಗೆಂದು ಗೊತ್ತಿಲ್ಲದೆ ಬೈಯುತ್ತಿದ್ದೆ.

ವಿಮಾನ ನಿಲ್ದಾಣ, ಇನ್ನೊಮ್ಮೆ

ಹ್ಯಾರಿಸ್ ಮಾತು ಉಳಿಸಿಕೊಂಡ. ವರ್ಷ ತುಂಬುವ ಮೊದಲೇ ಪರಶುರಾಮನ ಹೆಸರಿನಲ್ಲಿ ಕೆಲಸದ ಕಾಗದ ಹೊರಟಿತು. ಆದರೆ ಎಲ್ಲ ಕಾಗದವೂ ಏಜೆಂಟನ ಕೈಯಿಂದಲೇ ಹೋಗಬೇಕು ಎಂಬುದು ಕಂಪನಿಯ ಕರಾರು. ನಾನು ಪರಶುರಾಮನಿಗೆ ಬೇರೆಯಾಗಿ ಮರಾಠಿಯಲ್ಲಿ ಪತ್ರ ಬರೆಸಿದೆ. ಉತ್ತರ ಬರಲಿಲ್ಲ. ಬರುವ ಗಡಿಬಿಡಿಯಲ್ಲಿರಬೇಕು ಎಂದುಕೊಂಡೆ. ಪಾಸ್‌ಪೋರ್ಟಿನ ತೊಡಕಿನಿಂದ ಹೆಸರಿನಲ್ಲಿ ಸಣ್ಣ ಬದಲಾವಣೆ ಆಗಿದೆ ಎಂದು ಏಜೆಂಟನ ಕಡೆಯಿಂದ ಕಂಪನಿಗೆ ತಂತಿ ಬಂದಿತ್ತಂತೆ. ನನಗೆ ಯಾರೂ ಹೇಳಲಿಲ್ಲ.

ಅಂಗಿಗೆ ಇಸ್ತ್ರಿ ಮಾಡಿಕೊಂಡು, ಕಂಪನಿಯ ವ್ಯಾನಿನಲ್ಲಿ ಕರೆದುಕೊಂಡು ಬರಲು ಹೋದೆ. ಹೊರಗೆ ಬಂದವನು ಉದ್ದನೆಯ, ಕನ್ನಡಕದ, ನಾನು ಎಂದೂ ನೋಡದ ಹುಡುಗ. ಗೋಕಾಕದವನಂತೆ. ಚೀಲ ತೆರೆದು ತನ್ನ ಪ್ಲೇಟು ಕೊಟ್ಟ. ನೋಡುವ ಅಗತ್ಯವಿರಲಿಲ್ಲ, ನೋಡಿದೆ. ಬಲದಿಂದ ಎಡಕ್ಕೆ ಅಲೆ, ಕೊನೆಗೆ ತುಂಬಿದ ಗುಂಡಿ. ಅಲ್ಲೇ ಕಟ್ಟೆಯ ಮೇಲೆ ಕುಳಿತೆ.

ಇದನ್ನು ಮಾಡಿದವನನ್ನು ನೋಡಿದೆಯಾ ಎಂದು ಕೇಳಿದೆ. ನೋಡಿದ್ದೆ ಎಂದ.

“ಪರದಾದ ಒಳಗ ಕುಂತಿದ್ರಿ. ಕುಂದರ್ರಿ ಅಂದ್ರು, ನೀರು ಕೊಟ್ರು. ಮಸ್ಕತ್ತಿಗಿ ಹೊಂಟೇನಿ ಅಂದೆ. ಅಲ್ಲೆ ನಮ್ಮ ಸರ ಅದಾರ, ನನ್ನ ನಮಸ್ಕಾರ ಹೇಳ್ರಿ ಅಂದ್ರು.”

ತನ್ನ ಜಾಗಕ್ಕೆ ಹೊರಟವನು ಎಂದು ಗೊತ್ತಿದ್ದೇ ಅವನು ಆ ಪ್ಲೇಟು ಮಾಡಿಕೊಟ್ಟಿದ್ದ. ಬೇಕೆಂದರೆ ಬೆಸುಗೆಯನ್ನು ಕೆಡಿಸಬಹುದಿತ್ತು. ಕಡೆಯ ಪಕ್ಷ ಆ ಒಂದು ಗುಂಡಿಯನ್ನಾದರೂ ಬಿಡಬಹುದಿತ್ತು. ಅದನ್ನೂ ತುಂಬಿಸಿ ಕಳಿಸಿದ್ದ. ನನಗೆ ಅವನ ಮೇಲೂ ಸಿಟ್ಟು ಬಂತು, ಎಲ್ಲಕ್ಕಿಂತ ಹೆಚ್ಚಿನದು ಅದೇ.

ಶಹಾಪುರ

ಕರಾರು ಮುಗಿದು ಹೊರಟಾಗ ಹ್ಯಾರಿಸ್ ಗೋಡೆಯ ಪ್ಲೇಟು ಬಿಚ್ಚಿ ನನ್ನ ಕೈಗಿಟ್ಟು, ಯಾರದೋ ಅವರಿಗೆ ಮುಟ್ಟಿಸು ಎಂದ. ಊರಿಗೆ ಬಂದ ವಾರದಲ್ಲೇ ನನಗೆ ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ. ನಮ್ಮ ಓಣಿಯಲ್ಲಿ ಅಷ್ಟರಲ್ಲಿ ಎರಡು ಆರ್‌ಸಿಸಿ ಮನೆ ಎದ್ದಿದ್ದವು, ಮೂರು ಕಡೆ ಪರದೇಶದ ಟೇಪ್‌ರೆಕಾರ್ಡರು ಹಾಡುತ್ತಿತ್ತು. ಭಾಷಣ ಮಾಡಿದ ಮುಖಂಡರು ನಮ್ಮ ಯುವಕರ ಕೈಚಳಕಕ್ಕೆ ಹೊರದೇಶದವರು ಬೆರಗಾಗಿದ್ದಾರೆ, ಬೆಳಗಾವಿಯ ಪ್ರಗತಿಗೆ ಇದೇ ಸಾಕ್ಷಿ ಎಂದರು. ಚಪ್ಪಾಳೆ ಬಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೆಸರಾದ ಕೈ ಒಬ್ಬನದು, ಮೊಸರು ಮೆತ್ತಿದ ಬಾಯಿ ಇನ್ನೊಬ್ಬರದು ಎಂದು ಮೈಕಿನಲ್ಲಿ ಹೇಳಬೇಕು ಅನಿಸಿತು. ಕೃತಜ್ಞತೆ ಹೇಳಿ ಕುಳಿತುಕೊಂಡೆ. ಹೆಗಲ ಮೇಲಿನ ಶಾಲು ಚುಚ್ಚುತ್ತಿತ್ತು.

ಖಾನಾಪುರ

ಮರುದಿನ ಬೆಳಗಿನ ಗಾಡಿಗೆ ಖಾನಾಪುರಕ್ಕೆ ಹೋದೆ. ಪರಶುರಾಮನ ತಾಯಿ ಹಂಚಿನ ಭಟ್ಟಿಯಲ್ಲಿ ಸಿಕ್ಕಳು. ತಲೆಯ ಮೇಲೆ ಹಸಿ ಹಂಚಿನ ಹಲಗೆ, ಮೊಣಕೈವರೆಗೆ ಕೆಂಪು ಮಣ್ಣು. ನನ್ನನ್ನು ಗುರುತು ಹಿಡಿದು ನಕ್ಕಳು.

“ನಮ್ಮ ಪರಶ್ಯಾಗ ಪರ್ಮನೆಂಟ್ ಆತ್ರಿ ಸರ. ಖರೇನ. ಇಲ್ಲೇ ಹಿಂದ ಆಫೀಸ್ ಐತಿ, ಹೋಗ್ರಿ.”

ಭಟ್ಟಿಯ ಹಿಂದೆ ಹೊಸ ತಗಡಿನ ಶೆಡ್ಡು. ಮುಂದೆ ಉದ್ದನೆಯ ಪಾಳಿ. ಸಾಲಿನಲ್ಲಿ ನಲವತ್ತು ಜನರಾದರೂ ಇದ್ದರು, ಎಲ್ಲರ ಕೈಯಲ್ಲೂ ಸರ್ಟಿಫಿಕೇಟಿನ ಫೈಲು. ಏಜೆಂಟ ಖುರ್ಚಿಯಲ್ಲಿ ಕುಳಿತು ನಂಬರು ಕೂಗುತ್ತಿದ್ದ. ಪಕ್ಕದಲ್ಲಿ ಮುಂಬಯಿಯ ಪರೀಕ್ಷಕ, ಇವನು ಬೇರೆ, ಚಹಾ ಮಾತ್ರ ಅದೇ. ಮೂಲೆಯ ಗೋಣಿಚೀಲ ಹೋಗಿ ದಪ್ಪನೆಯ ಹಸಿರು ಕ್ಯಾನ್ವಾಸಿನ ಪರದೆ ಬಂದಿತ್ತು. ನಮ್ಮ ನಾಡಿನ ಪ್ರಗತಿ ನನ್ನ ಕಣ್ಣಿಗೆ ಬಿದ್ದದ್ದು ಅದೊಂದೇ.

ನಾನು ಸೀದಾ ಹೋಗಿ ಎರಡೂ ಕೈಯಿಂದ ಪರದೆ ಹಿಡಿದು ಎಳೆದೆ. ಕೊಂಡಿಗಳು ಕಳಚಿ ಅದು ನೆಲಕ್ಕೆ ಬಿತ್ತು. ಬೆಸುಗೆಯ ನೀಲಿ ಬೆಳಕು ಹೊರಗೆ ಹಾರಿ ಪಾಳಿಯವರು ಕಣ್ಣಿಗೆ ಕೈ ಅಡ್ಡ ಹಿಡಿದರು. ಪರಶುರಾಮ ಕರಿಗಾಜು ಸರಿಸಿ ತಲೆ ಎತ್ತಿದ. ಅವನ ಪಕ್ಕದ ಸ್ಟೂಲಿನ ಮೇಲೆ ಇಸ್ತ್ರಿ ಪ್ಯಾಂಟಿನ ಯುವಕನೊಬ್ಬ ನೀರಿನ ಲೋಟ ಹಿಡಿದು ಕುಳಿತಿದ್ದ.

ಈಗ ಗದ್ದಲ ಆಗುತ್ತದೆ, ಪರೀಕ್ಷಕ ಏಳುತ್ತಾನೆ, ಪಾಳಿಯವರು ಏಜೆಂಟನ ಕುತ್ತಿಗೆ ಹಿಡಿಯುತ್ತಾರೆ ಎಂದು ಕಾದೆ. ಪರೀಕ್ಷಕ ಮುಖವನ್ನು ಇನ್ನೊಂದು ಕಡೆ ತಿರುಗಿಸಿದ. ಏಜೆಂಟ ಕುಳಿತಲ್ಲಿಂದ ಅಲ್ಲಾಡಲಿಲ್ಲ. ಪಾಳಿಯ ಮುಂದೆ ನಿಂತಿದ್ದವನು ನನ್ನ ಗುರುತು ಹಿಡಿದು ಹತ್ತಿರ ಬಂದ.

“ಪರದಾ ಹಾಕ್ರಿ. ನಿಮ್ದು ಆಗೇತಿ, ನೀವು ಹೋಗಿ ಬಂದೀರಿ. ನಮ್ದ್ಯಾಕ ಕೆಡಸ್ತೀರಿ?”

ಹಿಂದಿದ್ದವರೂ ಗೊಣಗಿದರು. ಯಾರೋ ಮರಾಠಿಯಲ್ಲಿ ಬೈದರು, ಇನ್ಯಾರೋ ಕನ್ನಡದಲ್ಲಿ. ಆ ಊರಿನಲ್ಲಿ ಎರಡೂ ಭಾಷೆಯವರು ಒಟ್ಟಾಗಿ ಒಬ್ಬನನ್ನು ಬೈದದ್ದು ಅಂದೇ ಇರಬೇಕು. ಪರಶುರಾಮ ಎದ್ದು ಬಂದು ಪರದೆ ಎತ್ತಿ, ಧೂಳು ಝಾಡಿಸಿ, ಒಂದೊಂದೇ ಕೊಂಡಿ ಸಿಕ್ಕಿಸಿ ಮೊದಲಿನ ಹಾಗೆ ಕಟ್ಟಿದ. ನನ್ನನ್ನು ಒಳಗೆ ಕರೆದು ಸ್ಟೂಲು ಕೊಟ್ಟ. ಇಸ್ತ್ರಿ ಪ್ಯಾಂಟಿನವನು ಎದ್ದು ಮೂಲೆಗೆ ಸರಿದ.

“ಆ ಕಾಗದ ನಿನ್ನ ಹೆಸರಿಲೆ ಬಂದಿತ್ತಲ್ಲೋ. ಯಾಕ ಬಿಟ್ಟುಕೊಟ್ಟಿ?”

“ಬಿಟ್ಟುಕೊಟ್ಟಿಲ್ರಿ ಸರ. ನನ್ನ ಪಾಸ್‌ಪೋರ್ಟ್ ಅವನ ಕಡೇನ ಐತಿ. ನೀ ಹೋದ್ರ ಈ ಪ್ಲೇಟ್ ಯಾರ್ ಮಾಡಬೇಕು ಅಂದ. ಭಟ್ಟಿ ಮಾಲಕಗ ಹೇಳಿ ಅವ್ವನ ಕೆಲಸಾನೂ ಬಿಡಸ್ತೀನಿ ಅಂದ.” ನನ್ನನ್ನೇ ಸಮಾಧಾನ ಮಾಡುವವನ ಹಾಗೆ ಹೇಳಿದ: “ಬೆಳಗಾವಿಯೊಳಗ ಎಲ್ಲಾ ಗೇಟಿಗೂ ಹೋಗೀನ್ರಿ. ಎಲ್ಲಾರೂ ಕಾಗದ ತೋರಸು ಅಂದ್ರು. ಕೈ ತೋರಸು ಅಂದಾಂವ ಇವ ಒಬ್ಬನ.”

ಚೀಲದಿಂದ ಪ್ಲೇಟು ತೆಗೆದು ಅವನ ಕೈಗಿಟ್ಟೆ. ಹದಿನೆಂಟು ತಿಂಗಳು ಅದು ಅಲ್ಲಿನ ಗೋಡೆಯ ಮೇಲಿತ್ತು, ನಾಲ್ಕು ದೇಶದ ಜನ ಅದನ್ನು ನೋಡಿ ಕಲಿತರು ಎಂದೆ. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ. ಕೊನೆಯಲ್ಲಿ ಗುಂಡಿ ತುಂಬಿದ ಜಾಗವನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದ. ಆಮೇಲೆ ಮೂಲೆಯ ಅಚ್ಚು ನೋಡಿ ನನಗೇ ತಿರುಗಿ ಕೊಟ್ಟ.

“ಇದರ ಮ್ಯಾಲ ಗುರುಸಿದ್ದನ ನಂಬರ್ ಐತ್ರಿ. ಅವನ ಮನಿಗಿ ಮುಟ್ಟಸ್ರಿ.”

ಆ ನಂಬರನ್ನು ಹೊಡೆದವನು ನಾನು. ಹೊರಗೆ ಏಜೆಂಟ ಮುಂದಿನ ನಂಬರು ಕೂಗಿದ. ಪರಶುರಾಮ ಹೊಸ ಪ್ಲೇಟು ಜೋಡಿಸಿ, ಎಡಗೈಗೆ ರಾಡಿನ ಹೋಲ್ಡರು ತೆಗೆದುಕೊಂಡು, ಕರಿಗಾಜು ಮುಖಕ್ಕೆ ಎಳೆದುಕೊಂಡ.

“ಕಣ್ಣು ಮುಚ್ಚಿಕೊಳ್ರಿ ಸರ,” ಎಂದ.

ಬರಿಗಣ್ಣಿನಿಂದ ನೋಡಬಾರದು ಎಂದು ಅವನಿಗೆ ಕಲಿಸಿದವನೇ ನಾನು. ಆದರೂ ಆ ಸಲ ಮುಚ್ಚಲಿಲ್ಲ. ಬಲದಿಂದ ಎಡಕ್ಕೆ, ಮೊದಲಿನಿಂದ ಕೊನೆಯವರೆಗೆ ನೋಡಿದೆ. ಅವನು ಕೂದಲೆಳೆಯಷ್ಟು ಹಿಂದೆ ಬಂದು ಗುಂಡಿ ತುಂಬಿಸಿ ಕೈ ಎತ್ತಿದ. ಮೂರು ದಿನ ನನ್ನ ಕಣ್ಣು ಮರಳು ಹೊಕ್ಕ ಹಾಗೆ ಉರಿಯಿತು. ಅಷ್ಟು ತಿಂಗಳು ಮರಳುಗಾಡಿನಲ್ಲಿದ್ದಾಗ ಒಂದು ದಿನವೂ ಹಾಗೆ ಉರಿದಿರಲಿಲ್ಲ.